ಸೆರಫಿನ್ ಬಾಯಿಯ ಭಟ್ಟಿ, ನನ್ನ ಅಕ್ಷರ

ಹೋದ ಏಪ್ರಿಲಿನಲ್ಲಿ ಮೊಮ್ಮಗಳ ಗಂಡ ನನ್ನನ್ನು ಕಾರಿನಲ್ಲಿ ಮಣಿಪಾಲದ ಆಚೆ ಒಂದು ಕಡೆಗೆ ಕರೆದುಕೊಂಡು ಹೋದ. "ಒಂದು ಮನೆಯವರೇ ಸೇರಿ ಬಿಯರ್ ಮಾಡುವ ಜಾಗ ಉಂಟು ಅಜ್ಜ, ನೋಡಿಕೊಂಡು ಬರುವ" ಎಂದ. ತೊಂಬತ್ತರ ಹತ್ತಿರದ ಮುದುಕನನ್ನು ಬಿಯರ್ ಮಾಡುವುದನ್ನು ತೋರಿಸಿ ಸಂತೋಷಪಡಿಸಬಹುದೆಂದು ಈಗಿನ ಮಕ್ಕಳಿಗೆ ಯಾರು ಹೇಳಿಕೊಟ್ಟರೋ ಕಾಣೆ. ಗಾಜಿನ ಗೋಡೆಯ ಹಿಂದೆ ತಾಮ್ರದ ದೊಡ್ಡ ಹಂಡೆಗಳು ಹೊಳೆಯುತ್ತಿದ್ದವು. ಗಡ್ಡ ಬಿಟ್ಟ ಯಜಮಾನ, ಅವನ ಹೆಂಡತಿ, ಹೆಂಡತಿಯ ತಮ್ಮ, ಇವರೇ ಆ ಕುಟುಂಬ. ಯಜಮಾನ ನಮ್ಮನ್ನು ಸಾಲಾಗಿ ನಿಲ್ಲಿಸಿ, ಅರ್ಚಕರು ಸ್ಥಳಪುರಾಣ ಹೇಳುವ ಧಾಟಿಯಲ್ಲಿ ಪ್ರತಿಯೊಂದು ಹಂಡೆಯ ಮಹಿಮೆಯನ್ನು ಹೇಳಿದ. ಜೊತೆಗೆ ಬಂದವರು ಒಂದೊಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡರು. ಒಬ್ಬನಿಗೆ ಕಿತ್ತಳೆ ಸಿಪ್ಪೆಯ ಪರಿಮಳ ಸಿಕ್ಕಿತು, ಇನ್ನೊಬ್ಬಳಿಗೆ ಸುಟ್ಟ ಬೆಲ್ಲದ್ದು. ಕುಡಿಯುವುದನ್ನು ಕುಡಿಯುವುದೆಂದು ಒಪ್ಪಿಕೊಳ್ಳಲು ಆಗದವರು ಯಾವ ಕಾಲದಲ್ಲೂ ಮೂಗಿನ ಮೇಲೆ ಭಾರ ಹಾಕುತ್ತಾರೆ.

ಕೊನೆಗೆ ಅವನು ಒಂದು ಬಾಗಿಲು ತೆರೆದು, "ಇದು ನಮ್ಮ ಊರಿನ ಗೇರುಹಣ್ಣಿನದ್ದು, ಈ ಎರಡು ತಿಂಗಳು ಮಾತ್ರ" ಎಂದ. ಒಳಗಿಂದ ವಾಸನೆ ಬಂತು. ಹುಳಿ ಬಂದ ಗೇರುಹಣ್ಣಿನ ರಸದ ಆ ವಾಸನೆಯನ್ನು ಮೂಸಿದವರು ಮರೆಯುವುದಿಲ್ಲ. ಸಿಹಿ, ಒಗರು, ಅದರ ಹಿಂದೆ ಸ್ವಲ್ಪ ಕೊಳೆತದ್ದು. ನನಗೆ ಅಲ್ಲೇ ಕುಳಿತುಕೊಳ್ಳಬೇಕಾಯಿತು. ಸೆಖೆಗೆ ಹೀಗಾಯಿತೆಂದು ಎಲ್ಲರೂ ಗಡಿಬಿಡಿ ಮಾಡಿ ನೀರು ತಂದರು. ನಾನು ಕುಡಿದೆ. ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ.

ಅರವತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ನಮ್ಮ ಜಿಲ್ಲೆಯಲ್ಲಿ ಆಗ ಪಾನನಿರೋಧ ಇತ್ತು. ಮದ್ರಾಸಿನ ಆಡಳಿತ ಇದ್ದಾಗ ಬಂದ ಕಾನೂನು, ನಾವು ಮೈಸೂರಿಗೆ ಸೇರಿದ ಮೇಲೂ ಹಾಗೆಯೇ ಉಳಿದಿತ್ತು. ಆ ಕಾನೂನನ್ನು ಕಾಯುವ ಒಂದು ಸಣ್ಣ ಕಚೇರಿಯಲ್ಲಿ ನಾನು ಗುಮಾಸ್ತ. ಕಚೇರಿ ಉಡುಪಿಗೂ ಕಾರ್ಕಳಕ್ಕೂ ನಡುವಿನ ಒಂದು ಪೇಟೆಯಲ್ಲಿತ್ತು, ಹೆಸರು ಬೇಡ. ನನಗೆ ಇಪ್ಪತ್ತೇಳು ವರ್ಷ. ಅಂಬಲಪಾಡಿಯಲ್ಲಿ ಮನೆ, ಹೆಂಡತಿ, ಒಂದೂವರೆ ವರ್ಷದ ಮಗಳು. ನನಗಿದ್ದ ಒಂದೇ ಬಂಡವಾಳವೆಂದರೆ ನನ್ನ ಅಕ್ಷರ. ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದೆ. ದಾಳಿ ಮಾಡಿದ ಜಾಗದಲ್ಲೇ ಕುಳಿತು, ಕಂಡದ್ದನ್ನೆಲ್ಲ ಬರೆದು, ಸಾಕ್ಷಿಗಳ ಸಹಿ ಹಾಕಿಸುವ ಮಹಜರಿನ ಕೆಲಸ ನನ್ನದು. ಕೋರ್ಟಿನ ಶಿರಸ್ತೇದಾರರು ಒಮ್ಮೆ ನನ್ನ ಮಹಜರನ್ನು ಬೇರೆಯವರಿಗೆ ತೋರಿಸಿ, "ನೋಡಿ, ಹೀಗೆ ಬರೆಯಬೇಕು" ಎಂದಿದ್ದರಂತೆ. ಅದನ್ನು ನಾನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ.

ನಮ್ಮ ಇನ್‌ಸ್ಪೆಕ್ಟರು ಶೇಷಗಿರಿ ಘಟ್ಟದ ಮೇಲಿನವರು. ಗುಂಡಗಿನ ಮನುಷ್ಯ, ನೆರಳಲ್ಲಿ ಕುಳಿತರೂ ಬೆವರುತ್ತಿದ್ದರು. ನಮ್ಮ ಕರಾವಳಿಯ ಮೇಲೆ ಅವರಿಗಿದ್ದ ಒಂದೇ ಪ್ರೀತಿಯೆಂದರೆ ಇಲ್ಲಿ ಇಳಿಸುವ ಸಾರಾಯಿಯ ಮೇಲಿನದ್ದು. ಅವರ ಜೋಡಿ ಉಡುಪಿಯ ವಕೀಲ ಪದ್ಮನಾಭಯ್ಯ. ಶುಭ್ರವಾದ ಖಾದಿ, ಚಿನ್ನದ ಕಟ್ಟಿನ ಕನ್ನಡಕ, ಪಾನನಿರೋಧ ಪ್ರಚಾರ ಸಮಿತಿಯ ಕಾರ್ಯದರ್ಶಿ. ಒಬ್ಬರು ಕುಡಿಯುವವರನ್ನು ಹಿಡಿಯುವವರು, ಇನ್ನೊಬ್ಬರು ಕುಡಿಯಬೇಡಿರೆಂದು ಭಾಷಣ ಮಾಡುವವರು. ವಾರಕ್ಕೊಮ್ಮೆ ಇಬ್ಬರೂ ಇಲಾಖೆಯ ಜೀಪಿನಲ್ಲಿ "ಸ್ಥಳ ಪರಿಶೀಲನೆ"ಗೆ ಹೊರಡುತ್ತಿದ್ದರು. ಪರಿಶೀಲನೆಯ ಟಿಪ್ಪಣಿ ಬರೆಯಲಿಕ್ಕೆ ಒಬ್ಬ ಬೇಕಲ್ಲ, ಅದಕ್ಕೆ ನಾನು.

ಪರಿಶೀಲನೆಯ ಸ್ಥಳ ಯಾವಾಗಲೂ ಒಂದೇ. ಅಜೆಕಾರಿನಿಂದ ಒಂದು ಮೈಲಿ ಒಳಗೆ, ಗೇರುಮರಗಳ ಗುಡ್ಡದ ಬುಡದಲ್ಲಿದ್ದ ಸೆರಫಿನ್ ಬಾಯಿಯ ಮನೆ. ಸೆರಫಿನ್ ಬಾಯಿ ಕೊಂಕಣಿ ಕ್ರೈಸ್ತರ ವಿಧವೆ, ಐವತ್ತೈದು ದಾಟಿದ ಹೆಂಗಸು. ಮಗ ಲಾದ್ರು, ಸೊಸೆ ಮೋನಿಕಾ. ಮೂವರೂ ಸೇರಿ ಗೇರುಹಣ್ಣಿನ ಕಾಲದಲ್ಲಿ ಭಟ್ಟಿ ಇಳಿಸುತ್ತಿದ್ದರು. ಉಳಿದ ಹತ್ತು ತಿಂಗಳು ಗದ್ದೆ, ಹಟ್ಟಿ, ಇಗರ್ಜಿ. ಗಂಡನ ಅಜ್ಜನ ಕಾಲದಿಂದ ಬಂದ ಕೆಲಸವಂತೆ. ಬಾಣಂತಿಯರ ಮೈಗೆ ತಿಕ್ಕಲಿಕ್ಕೆ, ಮುದುಕರ ಕೆಮ್ಮಿಗೆ, ಅವರ ಜನರ ಮದುವೆಗೆ, ಸುತ್ತಿನ ನಾಲ್ಕೂರಿನವರು ಅವಳ ಮನೆಯಿಂದಲೇ ಒಯ್ಯುತ್ತಿದ್ದರು.

ನಾನು ಮೊದಲ ಸಲ ಹೋದಾಗ ಮಾರ್ಚ್ ತಿಂಗಳ ಮಧ್ಯಾಹ್ನ. ಹಿತ್ತಲಿನ ಮುರಕಲ್ಲನ್ನು ಕೊರೆದು ಮಾಡಿದ ತೊಟ್ಟಿಯಲ್ಲಿ ಲಾದ್ರು ಮೊಣಕಾಲಿನವರೆಗೆ ಮುಂಡು ಕಟ್ಟಿ ಗೇರುಹಣ್ಣು ತುಳಿಯುತ್ತಿದ್ದ. ಹಳದಿ ರಸ ತೂಬಿನಲ್ಲಿ ಇಳಿದು ಮಡಕೆಗೆ ಬೀಳುತ್ತಿತ್ತು. ನೊಣ, ಬೆವರು, ಆ ವಾಸನೆ. ನಾನು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಜಗಲಿಯ ತುದಿಯಲ್ಲಿ ಕುಳಿತೆ.

"ಏನ್ರೀ ಭಟ್ರೇ, ಮೂಗು ಮುಚ್ಕೊಂಡು ಕೂತ್ರೆ ಸ್ವರ್ಗ ಸಿಗತ್ತಾ?" ಎಂದರು ಶೇಷಗಿರಿ.

ಸೆರಫಿನ್ ಬಾಯಿ ನಗಲಿಲ್ಲ. "ಅವರಿಗೆ ಒಂದು ಬೊಂಡ ಕೆತ್ತಿಕೊಡು ಮೋನಿಕಾ. ಬೊಂಡಕ್ಕೆ ಜಾತಿ ಇಲ್ಲ" ಎಂದಳು. ಎಳನೀರನ್ನು ಕುಡಿದೆ. ಅದರಾಚೆ ಆ ಮನೆಯ ನೀರನ್ನೂ ಮುಟ್ಟಲಿಲ್ಲ. ಮುಟ್ಟದೆ ಇರುವುದು ನನ್ನ ಯೋಗ್ಯತೆ ಎಂದು ತಿಳಿದಿದ್ದೆ. ಕುಡಿಯುವವರು, ಕುಡಿಸುವವಳು, ತುಳಿಯುವವನು, ಒಲೆ ಉರಿಸುವವಳು, ಎಲ್ಲರನ್ನೂ ತಕ್ಕಡಿಯ ಒಂದೇ ತಟ್ಟೆಯಲ್ಲಿ ಹಾಕಿ, ಎದುರು ತಟ್ಟೆಯಲ್ಲಿ ನಾನೊಬ್ಬನೇ ಕುಳಿತು ನೋಡುತ್ತಿದ್ದೆ. ನನ್ನ ತಟ್ಟೆಯೇ ಭಾರ ಎಂದು ಪ್ರತಿ ಸಲವೂ ಕಾಣುತ್ತಿತ್ತು.

ವಕೀಲರು ಗ್ಲಾಸನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ವಾಲಿಸುತ್ತಿದ್ದರು. ವಿಲಾಯತಿಯ ವಿಸ್ಕಿಯ ಬಗ್ಗೆ, ಅದನ್ನು ಹತ್ತು ವರ್ಷ ಮರದ ಪೀಪಾಯಿಯಲ್ಲಿ ಇಡುವ ಬಗ್ಗೆ ಮಾತನಾಡುತ್ತಿದ್ದರು. ಅವರು ವಿಲಾಯತಿಗೆ ಹೋದವರಲ್ಲ. ಮಂಗಳೂರಿನಿಂದ ಆಚೆಗೆ ಒಮ್ಮೆ ಮದ್ರಾಸಿಗೆ ಹೋಗಿದ್ದರಂತೆ. ಒಂದು ದಿನ ಕಣ್ಣು ಅರೆಮುಚ್ಚಿ, "ಇದರಲ್ಲಿ ಒಂದು ಹೂವಿನ ಪರಿಮಳ ಉಂಟಲ್ವಾ ಬಾಯಿ, ಸುರಗಿ ಹೂವಿನ ಹಾಗೆ?" ಎಂದರು.

"ಹೂವು ಎಂತದು ಸ್ವಾಮಿ, ಹಣ್ಣು" ಎಂದಳು ಸೆರಫಿನ್ ಬಾಯಿ. "ಬಿದ್ದ ದಿನವೇ ಹೆಕ್ಕಿ ತುಳಿದರೆ ಹೀಗೆ ಬರುತ್ತದೆ. ಎರಡು ದಿನ ಬಿಟ್ಟು ತುಳಿದರೆ ನಿಮಗೆ ಬೇರೆ ಪರಿಮಳ ಬರ್ತದೆ, ನಿಮ್ಮ ಹೊಟ್ಟೆಗೆ ಬೇರೆ."

ಅವಳ ಮಾತೆಲ್ಲ ಹೀಗೆಯೇ. ಭಟ್ಟಿಯ ಬಗ್ಗೆ ಮಾತ್ರ ಅವಳು ಗಂಭೀರ. ರಸಕ್ಕೆ ಬೆಲ್ಲ ಹಾಕುವುದಿಲ್ಲ, ನೀರು ಹಾಕುವುದಿಲ್ಲ. ಮಡಕೆಯಲ್ಲಿ ಮೂರು ದಿನ ತಾನಾಗಿ ಹುಳಿ ಬರಬೇಕು. ಆಮೇಲೆ ತಾಮ್ರದ ಹಂಡೆಗೆ ಹಾಕಿ ಸಣ್ಣ ಉರಿಯಲ್ಲಿ ಕುದಿಸಬೇಕು. ಉರಿ ಹೆಚ್ಚಾದರೆ ಮೋನಿಕಾಳಿಗೆ ಕೊಂಕಣಿಯಲ್ಲಿ ಬೈಗುಳ. ಆವಿ ಕೊಳವೆಯಲ್ಲಿ ಇಳಿದು ತಣ್ಣೀರಿನಲ್ಲಿ ಮುಳುಗಿಸಿಟ್ಟ ಮಡಕೆಗೆ ಹನಿಹನಿಯಾಗಿ ಬರುತ್ತಿತ್ತು. ಮೊದಲು ಬಂದದ್ದನ್ನು ಅವಳು ಒಂದು ಚೊಂಬಿನಷ್ಟು ಹಿಡಿದು ನೆಲಕ್ಕೆ ಚೆಲ್ಲುತ್ತಿದ್ದಳು. "ಅದು ಕಣ್ಣು ತೆಗೆಯುವಂಥದ್ದು" ಎನ್ನುತ್ತಿದ್ದಳು. ಆಮೇಲಿನದನ್ನು ನಾಲಿಗೆಗೆ ಹಚ್ಚಿ, ಆಕಾಶ ನೋಡಿ ಉಗಿಯುತ್ತಿದ್ದಳು. ಅವಳು ಕುಡಿದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಒಮ್ಮೆ ನಾವು ಹೋದಾಗ ಒಂದು ಇಡೀ ಮಡಕೆಯ ಸಾರಾಯಿಯನ್ನು ಹಲಸಿನ ಬುಡಕ್ಕೆ ಸುರಿಯುತ್ತಿದ್ದಳು. ಲಾದ್ರು ಅವಸರದಲ್ಲಿ ಕೊಳೆತ ಹಣ್ಣನ್ನು ಸೇರಿಸಿ ತುಳಿದಿದ್ದನಂತೆ. ಮೂವತ್ತು ದಾಟಿದ ಮಗ ಹೊಡೆಸಿಕೊಂಡವನ ಹಾಗೆ ತಲೆ ತಗ್ಗಿಸಿ ನಿಂತಿದ್ದ. ಶೇಷಗಿರಿಯವರು ಹಲಸಿನ ಬುಡವನ್ನು ನೋಡಿ, "ಅಯ್ಯೋ, ನಮಗಾದ್ರೂ ಕೊಡಬಾರದಿತ್ತಾ?" ಎಂದು ನರಳಿದರು.

"ನಿಮಗೆ ಕೊಟ್ಟರೆ ನೀವು ಕುಡಿಯುತ್ತೀರಿ" ಎಂದಳು ಅವಳು. "ಅದಕ್ಕೇ ಚೆಲ್ಲಿದ್ದು."

ಅದೇ ದಿನ ಶೇಷಗಿರಿ ಬೇರೆ ಕಡೆಯ ಕಳ್ಳಭಟ್ಟಿಯವರ ಕಥೆ ಹೇಳಿದರು. ಬೇಗ ಏರಲಿ ಎಂದು ಕೆಲವರು ನವಸಾಗರ ಹಾಕುತ್ತಾರೆ, ಹಾಗಾಗಿ ಕುಡಿದವರು ಸಾಯುತ್ತಾರೆ ಎಂದರು. ಸೆರಫಿನ್ ಬಾಯಿ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು. "ನವಸಾಗರ ಕಲಾಯಿ ಹಾಕುವವನ ಸಾಮಾನು. ಅದು ಪಾತ್ರೆಗೆ, ಮನುಷ್ಯರಿಗಲ್ಲ. ಆ ಶಬ್ದವನ್ನು ನನ್ನ ಹಿತ್ತಲಿನಲ್ಲಿ ಹೇಳಬೇಡಿ ಸಾಹೇಬರೇ" ಎಂದಳು. ಸಾಹೇಬರು ನಕ್ಕು ಗ್ಲಾಸು ಮುಂದೆ ಹಿಡಿದರು.

ಇಂಥ ಒಂದು ಪರಿಶೀಲನೆಯ ಮರುದಿನ ಕಾಪುವಿನಲ್ಲಿ ವಕೀಲರ ಭಾಷಣವಿತ್ತು. ದೀಪಸ್ತಂಭದ ಹತ್ತಿರ ಮರಳಿನ ಮೇಲೆ ಬೆಂಚು ಹಾಕಿದ್ದರು. ಬಲೆ ಎಳೆದು ದಣಿದ ಮೊಗವೀರರು ಒಂದು ಐವತ್ತು ಮಂದಿ ಕುಳಿತಿದ್ದರು. ಕುಡಿತದಿಂದ ಹಾಳಾದ ಮನೆಗಳ ಬಗ್ಗೆ, ಅಳುವ ಹೆಂಡತಿಯರ ಬಗ್ಗೆ ವಕೀಲರು ಗದ್ಗದಿತರಾಗಿ ಮಾತನಾಡಿದರು. ಅವರ ಬಾಯಿಯಲ್ಲಿ ವಾಸನೆ ಮುಚ್ಚುವ ಏಲಕ್ಕಿ ಇದ್ದೇ ಇತ್ತು. ಭಾಷಣ ಮುಗಿದ ಮೇಲೆ ಮುಂದೆ ಕುಳಿತಿದ್ದ ಒಬ್ಬ ಮುದುಕ ನಿಧಾನವಾಗಿ ಎದ್ದು, "ವಕೀಲರೇ, ಏಲಕ್ಕಿ ಈಗ ಬಹಳ ದುಬಾರಿ ಅಲ್ವಾ?" ಎಂದು ಕೇಳಿದ. ಯಾರೂ ನಗಲಿಲ್ಲ. ಮುದುಕ ಬಲೆಯ ಕಡೆಗೆ ನಡೆದುಹೋದ. ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಒಳಗೊಳಗೆ ಎಷ್ಟು ಖುಷಿಯಾಗಿತ್ತೆಂದರೆ, ಮನೆಗೆ ಬಂದು ಹೆಂಡತಿಗೆ ಎರಡು ಸಲ ಹೇಳಿದೆ. ಅವರಿಬ್ಬರನ್ನು ಹೀನಾಯವಾಗಿ ಕಾಣುವುದೇ ಆ ಬೇಸಿಗೆಯಲ್ಲಿ ನನಗಿದ್ದ ಸುಖ. ಅವರ ಸಂಗಡ ಜೀಪಿನಲ್ಲಿ ಕುಳಿತುಕೊಳ್ಳುವುದನ್ನು ಮಾತ್ರ ಬಿಡಲಿಲ್ಲ.

ಮೇ ತಿಂಗಳ ಮೊದಲ ವಾರದಲ್ಲಿ ಗಾಳಿ ತಿರುಗಿತು. ಬೇರೆ ಯಾವುದೋ ತಾಲೂಕಿನಲ್ಲಿ ಕಳ್ಳಭಟ್ಟಿ ಕುಡಿದು ಇಬ್ಬರು ಸತ್ತರು. ಹೊಸದಾಗಿ ಬಂದ ಮೇಲಧಿಕಾರಿಗಳು ನಮ್ಮ ಕಚೇರಿಗೆ ಬಂದು ಕಡತಗಳನ್ನು ತಿರುವಿ, "ಇಡೀ ವರ್ಷದಲ್ಲಿ ಒಂದೂ ಗಟ್ಟಿ ಕೇಸಿಲ್ಲ, ನೀವೇನು ಇಲ್ಲಿ ನಿದ್ದೆ ಮಾಡ್ತಿದ್ದೀರಾ?" ಎಂದು ಎಲ್ಲರ ಮುಂದೆ ಗದರಿಸಿ ಹೋದರು. ಶೇಷಗಿರಿಯವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವರಿಗೆ ಗೊತ್ತಿದ್ದ ಭಟ್ಟಿ ಒಂದೇ. ಬೇರೆಯದನ್ನು ಹುಡುಕಲು ಬಿಸಿಲಿನಲ್ಲಿ ಗುಡ್ಡ ಹತ್ತಬೇಕು.

ಸಂಜೆ ವಕೀಲರು ಬಂದರು. ನಾನು ಪಕ್ಕದ ಮೇಜಿನಲ್ಲಿ ಬರೆಯುತ್ತಿದ್ದೆ. ಬರೆಯುವವನಿಗೆ ಕಿವಿ ಇರುತ್ತದೆಂದು ಇಂಥವರಿಗೆ ಹೊಳೆಯುವುದಿಲ್ಲ.

"ಹಿಡೀಬಹುದು" ಎಂದರು ಶೇಷಗಿರಿ, "ಆದ್ರೆ ಆ ಹೆಂಗಸು ಕೋರ್ಟಲ್ಲಿ ಬಾಯಿ ಬಿಟ್ರೆ? ನಾವು ವಾರವಾರ ಹೋಗ್ತಿದ್ದದ್ದು ಹೇಳಿದ್ರೆ?"

ವಕೀಲರು ಕನ್ನಡಕ ತೆಗೆದು ಒರೆಸಿದರು. "ಬರೇ ಭಟ್ಟಿ ಅಂತ ಹಿಡಿದರೆ ಹೇಳಿಯಾಳು, ನಾಲ್ಕು ಜನ ನಂಬಿಯಾರು. ನವಸಾಗರ ಹಾಕುತ್ತಿದ್ದಳು ಅಂತ ಬರೆಸಿ. ವಿಷ ಇಳಿಸುವವಳ ಮನೆಯಲ್ಲಿ ನಾವು ಕುಡಿದೆವು ಅಂದರೆ ಯಾರು ನಂಬುತ್ತಾರೆ? ನಾವು ಬದುಕಿದ್ದೇವಲ್ಲ."

ಶೇಷಗಿರಿಯವರು ಸಣ್ಣಗೆ ನಕ್ಕರು. ಇಷ್ಟು ಜಾಣ ವಕೀಲರು ಉಡುಪಿಯಲ್ಲಿ ಇನ್ನೊಬ್ಬರಿಲ್ಲ ಎಂದರು.

ಎರಡು ದಿನ ಬಿಟ್ಟು, ಬೆಳಿಗ್ಗೆ ಹತ್ತು ಗಂಟೆಗೆ ಹೋದೆವು. ಇಬ್ಬರು ಪೇದೆಗಳು, ಪೇಟೆಯಿಂದ ಕರೆದೊಯ್ದ ಇಬ್ಬರು ಸಾಕ್ಷಿಗಳು, ಶೇಷಗಿರಿ, ನಾನು. ಜೀಪಿನ ಸದ್ದು ಕೇಳಿ ಮೋನಿಕಾ ಅಭ್ಯಾಸದಂತೆ ಜಗಲಿಯಲ್ಲಿ ಚಾಪೆ ಹಾಸಿದ್ದಳು. ಪೇದೆಗಳು ಅದನ್ನು ದಾಟಿ ಹಿತ್ತಲಿಗೆ ನಡೆದರು. ಮಡಕೆಗಳನ್ನು ಒಂದೊಂದಾಗಿ ಒಡೆದರು. ಹುಳಿ ಬಂದ ರಸ ಮುರಕಲ್ಲಿನ ಮೇಲೆ ಹರಿದು ಬಾವಿಕಟ್ಟೆಯ ತನಕ ಹೋಯಿತು. ಲಾದ್ರು ಎರಡು ಹೆಜ್ಜೆ ಮುಂದೆ ಬಂದ. ತಾಯಿ ಕೊಂಕಣಿಯಲ್ಲಿ ಒಂದೇ ಶಬ್ದ ಹೇಳಿದಳು, ಅವನು ನಿಂತ. ತಾಮ್ರದ ಹಂಡೆಯನ್ನು ಒಲೆಯಿಂದ ಇಳಿಸಿ ಜೀಪಿಗೆ ಹಾಕಿದರು. ಸೆರಫಿನ್ ಬಾಯಿ ಶೇಷಗಿರಿಯವರನ್ನು ನೋಡುತ್ತಿದ್ದಳು. ಅವರು ಗೇರುಮರಗಳನ್ನು ನೋಡುತ್ತಿದ್ದರು.

ನಾನು ಎಂದಿನ ಜಗಲಿಯ ತುದಿಯಲ್ಲೇ ಕುಳಿತು ಮಹಜರು ಬರೆದೆ. ತಾಮ್ರದ ಹಂಡೆ ಒಂದು, ಮಣ್ಣಿನ ಮಡಕೆಗಳು ಹನ್ನೊಂದು, ಕೊಳವೆ ಒಂದು. ಶೇಷಗಿರಿ ನನ್ನ ಬೆನ್ನ ಹಿಂದೆ ಬಂದು ನಿಂತು, "ಒಲೆ ಪಕ್ಕದಲ್ಲಿ ಕಾಗದದ ಪೊಟ್ಟಣದಲ್ಲಿ ಸುಮಾರು ಒಂದು ಹಿಡಿ ನವಸಾಗರ. ಬರ್ಕೊಳ್ರೀ" ಎಂದರು.

ಒಲೆಯ ಪಕ್ಕದಲ್ಲಿ ತೆಂಗಿನ ಮಡಲು ಇತ್ತು, ಒಂದು ಬೆಕ್ಕು ಇತ್ತು. ಪೊಟ್ಟಣ ಇರಲಿಲ್ಲ. ನಾನು ತಲೆ ಎತ್ತಲಿಲ್ಲ. ಆ ಸಾಲು ಉಳಿದ ಸಾಲುಗಳಷ್ಟೇ ದುಂಡಗೆ ಬಂತು.

ಬರೆದದ್ದನ್ನು ಆರೋಪಿಗೆ ಓದಿ ಹೇಳಬೇಕೆಂದು ನಿಯಮ. ಓದಿದೆ. ಹಂಡೆಗೆ, ಮಡಕೆಗೆ ಅವಳು ತಲೆ ಆಡಿಸುತ್ತ ಬಂದಳು. ನವಸಾಗರ ಎಂದಾಗ ಕೈ ಎತ್ತಿದಳು.

"ಎಂತ ಓದಿದಿರಿ?"

ಇನ್ನೊಮ್ಮೆ ಓದಿದೆ.

"ಭಟ್ರೇ, ಭಟ್ಟಿ ಇಳಿಸಿದ್ದು ಹೌದು. ಸರಕಾರ ಬೇಡ ಹೇಳ್ತದೆ, ನಾನು ಇಳಿಸಿದೆ. ಅದಕ್ಕೆ ಜೈಲಿಗೆ ಹಾಕಿ, ಬರ್ತೇನೆ. ಈ ಶಬ್ದ ತೆಗೆಯಿರಿ."

"ಅದು ನನ್ನ ಕೈಯಲ್ಲಿ ಇಲ್ಲ" ಎಂದೆ.

"ಪೆನ್ನು ನಿಮ್ಮ ಕೈಯಲ್ಲಿ ಉಂಟಲ್ಲ" ಎಂದಳು.

ಶೇಷಗಿರಿಯವರು ಹೊತ್ತಾಯಿತೆಂದು ಗದರಿಸಿದರು. ಅವಳು ಹೆಬ್ಬೆಟ್ಟು ಒತ್ತಲಿಲ್ಲ, ಸಹಿಯನ್ನೂ ಹಾಕಲಿಲ್ಲ. "ಆರೋಪಿಯು ಸಹಿ ಮಾಡಲು ನಿರಾಕರಿಸಿರುತ್ತಾಳೆ" ಎಂದು ಅದನ್ನೂ ನಾನೇ ಬರೆದೆ. ಮಧ್ಯಾಹ್ನ ಪೇದೆಯೊಬ್ಬ ಪೇಟೆಯ ಕಲಾಯಿಯವನ ಹತ್ತಿರದಿಂದ ಒಂದು ಹಿಡಿ ನವಸಾಗರ ತಂದ. ಪೊಟ್ಟಣ ಕಟ್ಟಿ, ಚೀಟಿ ಬರೆದು, ಅರಗಿನ ಮುದ್ರೆ ಹಾಕಿದವನೂ ನಾನೇ.

ಆ ಶಬ್ದ ನಮಗಿಂತ ಮೊದಲು ಊರು ತಲುಪಿತು. ಎರಡು ದಿನದ ನಂತರ ನೋಟೀಸು ಜಾರಿ ಮಾಡಲು ಹೋದ ಪೇದೆ ಬಂದು ಹೇಳಿದ: ಅವಳ ಮನೆಯ ಮೆಟ್ಟಿಲಿನ ಮೇಲೆ ಬಾಟಲಿಗಳು ಸಾಲಾಗಿ ಇದ್ದವಂತೆ. ಬಾಣಂತಿಗೆಂದು, ಕೆಮ್ಮಿಗೆಂದು ಒಯ್ದವರು ಬಿರಡೆಯನ್ನೂ ತೆಗೆಯದೆ ತಂದಿಟ್ಟು ಹೋಗಿದ್ದರು. ಅಜೆಕಾರಿನ ಸಂತೆಯಲ್ಲಿ ಮೋನಿಕಾಳ ಬುಟ್ಟಿಯ ತರಕಾರಿಯನ್ನು ಯಾರೂ ಕೊಳ್ಳಲಿಲ್ಲ. ಇಪ್ಪತ್ತು ವರ್ಷ ಅವಳ ಕೈಯ ಸಾರಾಯಿ ಕುಡಿದು ಗಟ್ಟಿಮುಟ್ಟಾಗಿದ್ದವರೇ ತಮಗೆ ಆಗಾಗ ಬರುತ್ತಿದ್ದ ತಲೆನೋವಿಗೆ ಈಗ ಕಾರಣ ಕಂಡುಹಿಡಿದಿದ್ದರು. ಪೇದೆ ಇದನ್ನೆಲ್ಲ ನಗುತ್ತ ಹೇಳಿದ. ನಾನೂ ಮುಗುಳ್ನಕ್ಕೆ ಎಂದು ನೆನಪು.

ವಿಚಾರಣೆಯ ಹಿಂದಿನ ವಾರ ನಾನು ಕಾಗದ ಕೊಡಲು ಉಡುಪಿಗೆ, ವಕೀಲರ ಮನೆಗೆ ಹೋಗಿದ್ದೆ. ರಥಬೀದಿಯಿಂದ ಸ್ವಲ್ಪ ಆಚೆ ಮನೆ. ಅಂಗಳದಲ್ಲಿ ಲಾದ್ರು ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ, ಇಗರ್ಜಿಗೆ ಹಾಕಿಕೊಳ್ಳುವುದಿರಬೇಕು.

"ಅಮ್ಮ ಹೇಳಿದ್ದಾರೆ, ನಮ್ಮ ಕಡೆಯಿಂದ ನೀವೇ ನಿಲ್ಲಬೇಕಂತೆ" ಎಂದ ಅವನು. "ನೀವು ನೋಡಿದ್ದೀರಲ್ಲ, ನಾವು ಎಂತ ಹಾಕ್ತೇವೆ, ಎಂತ ಹಾಕುವುದಿಲ್ಲ ಅಂತ. ನೀವು ಹೇಳಿದರೆ ಕೋರ್ಟು ನಂಬ್ತದೆ."

ವಕೀಲರು ಪೇಪರಿನಿಂದ ಕಣ್ಣು ಎತ್ತಿದರು. "ಯಾವ ಊರಾಯಿತು?" ಎಂದು ಕೇಳಿದರು.

ಲಾದ್ರುವಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವರ ಮುಖವನ್ನೇ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ತಂದ ಕಾಗದವನ್ನು ನೋಡುತ್ತಿದ್ದೆ.

"ಅಜೆಕಾರು" ಎಂದ ಕೊನೆಗೆ.

"ನಾನು ಪಾನನಿರೋಧ ಸಮಿತಿಯವನು ಮಾರಾಯ. ಇಂಥ ಕೇಸು ನಾನು ಹಿಡಿಯುವುದುಂಟಾ? ಬೇರೆಯವರನ್ನು ನೋಡು" ಎಂದು ಅವರು ಪೇಪರಿಗೆ ಮರಳಿದರು. ಲಾದ್ರು ಗೇಟು ಹಾಕಿಕೊಂಡು ಹೋದ. ಸದ್ದಾಗದ ಹಾಗೆ ಹಾಕಿದ.

ಆ ಮನೆಯವರು ಬೇರೆ ವಕೀಲರನ್ನು ಹಿಡಿಯಲಿಲ್ಲ. ಕೋರ್ಟಿನಲ್ಲಿ ಸೆರಫಿನ್ ಬಾಯಿ ಒಬ್ಬಳೇ ಕಟಕಟೆಯಲ್ಲಿ ನಿಂತಳು. ಭಟ್ಟಿ ಇಳಿಸಿದ್ದನ್ನು ಒಪ್ಪಿಕೊಂಡಳು. ಶೇಷಗಿರಿಯವರ ಎದೆ ಹೊಡೆದುಕೊಳ್ಳುತ್ತಿದ್ದದ್ದು ಅವರ ಅಂಗಿಯ ಮೇಲೆಯೇ ಕಾಣುತ್ತಿತ್ತು. ಆದರೆ ಯಾರು ಬಂದು ಕುಡಿದರು, ಎಷ್ಟು ಸಲ ಕುಡಿದರು ಎಂಬ ಮಾತನ್ನು ಅವಳು ಎತ್ತಲೇ ಇಲ್ಲ. ಮನೆಗೆ ಬಂದವರ ವಿಷಯ ಬೀದಿಯಲ್ಲಿ ಹೇಳುವ ಪದ್ಧತಿ ಅವಳಿಗಿರಲಿಲ್ಲ ಎಂದು ನನಗೆ ಆಮೇಲೆ ಹೊಳೆಯಿತು. ಅವಳು ಕೇಳಿದ್ದು ಒಂದೇ.

"ನವಸಾಗರ ನಾನು ಹಾಕಿಲ್ಲ ಸ್ವಾಮಿ. ಅದನ್ನು ಬರೆದವರು ಇಲ್ಲಿಯೇ ಇದ್ದಾರೆ. ಅವರು ಕುಡಿಯುವವರಲ್ಲ, ಮರ್ಯಾದಸ್ಥರು. ಅವರ ಹತ್ತಿರ ಕೇಳಿ."

ಮ್ಯಾಜಿಸ್ಟ್ರೇಟರು ವಯಸ್ಸಾದವರು, ಕೆಟ್ಟವರಲ್ಲ. ಮಹಜರನ್ನು ತಿರುಗಿಸಿ ನೋಡಿ, "ಯಾರ ಅಕ್ಷರ ಇದು?" ಎಂದರು.

ನಾನು ಎದ್ದು ನಿಂತೆ.

"ಸ್ಥಳದಲ್ಲೇ ಬರೆದದ್ದೋ?"

"ಹೌದು."

"ಈ ಪೊಟ್ಟಣವನ್ನು ನೀವು ಕಣ್ಣಾರೆ ನೋಡಿದಿರಾ?"

ಸೆರಫಿನ್ ಬಾಯಿ ನನ್ನ ಕಡೆಗೆ ತಿರುಗಿದ್ದಳು. ಅವಳ ಮುಖದಲ್ಲಿ ಆತಂಕವೇ ಇರಲಿಲ್ಲ. ನಾನು ಸತ್ಯ ಹೇಳುತ್ತೇನೆಂದು ಅವಳು ನಂಬಿದ್ದಳು. ಎಳನೀರು ಬಿಟ್ಟು ಬೇರೇನನ್ನೂ ಮುಟ್ಟದವನು ಸುಳ್ಳನ್ನೂ ಮುಟ್ಟಲಾರ ಎಂದು ಎಣಿಸಿದ್ದಳೋ ಏನೋ. ನನ್ನ ಕಣ್ಣ ಮುಂದೆ ಬಂದದ್ದು ಮಗಳು, ಮನೆ, ಶೇಷಗಿರಿಯವರು ಬರೆಯಬಹುದಾದ ಒಂದು ಗುಪ್ತ ವರದಿ. ಇವೆಲ್ಲ ನಿಜವಾದ ಭಯಗಳೇ. ಆದರೂ ಅವುಗಳ ಹಿಂದೆ ಇನ್ನೊಂದು ಇತ್ತು. ಈ ಹೆಂಗಸಿಗಾಗಿ ನಾನು ಏಕೆ ಕೆಡಬೇಕು ಎಂಬುದು. ಕಾಲಲ್ಲಿ ತುಳಿದು ಹೆಂಡ ಮಾಡುವವರಿಗಾಗಿ.

"ನೋಡಿದ್ದೇನೆ" ಎಂದೆ.

ಮ್ಯಾಜಿಸ್ಟ್ರೇಟರು ಬರೆದುಕೊಂಡರು. ಬರೀ ಭಟ್ಟಿಯಾಗಿದ್ದರೆ ದಂಡ ಹಾಕಿ ಬಿಡುತ್ತಿದ್ದೆ, ಜನರ ಜೀವದ ಜೊತೆ ಆಟವಾಡಿದ್ದಕ್ಕೆ ಕ್ಷಮೆಯಿಲ್ಲ ಎಂದು ಹೇಳಿ ಮೂರು ತಿಂಗಳ ಶಿಕ್ಷೆ ಕೊಟ್ಟರು. ಪೇದೆಗಳ ನಡುವೆ ಹೊರಗೆ ಹೋಗುವಾಗ ಅವಳು ನನ್ನ ಮುಂದೆಯೇ ಹಾದುಹೋದಳು. ಶಾಪ ಹಾಕುತ್ತಾಳೆಂದು ಕಾದೆ. ಅವಳು ನನ್ನ ಕೈಯನ್ನು ಒಮ್ಮೆ ನೋಡಿದಳು, ಅಷ್ಟೆ.

ಶೇಷಗಿರಿಯವರಿಗೆ ಮೇಲಿನವರಿಂದ ಶಹಭಾಸ್ ಬಂತು. ಸಮಿತಿಯ ಸಭೆಯಲ್ಲಿ ವಕೀಲರು ಈ ಕೇಸನ್ನು ಉದಾಹರಿಸಿ ಮಾತನಾಡಿದರು. ಆ ವರ್ಷದ ಉಳಿದ ಗೇರುಹಣ್ಣು ಗುಡ್ಡದಲ್ಲಿ ಬಿದ್ದು ಕೊಳೆಯಿತು. ಮಳೆ ಹಿಡಿಯಿತು.

ಮೂರು ತಿಂಗಳಲ್ಲಿ ನನಗೆ ಒಂದೇ ಒಂದು ಬದಲಾವಣೆಯಾಯಿತು: ಬರೆಯಲು ಕುಳಿತರೆ ನನ್ನ ಅಕ್ಷರವನ್ನು ನಾನು ನೋಡುತ್ತಿರಲಿಲ್ಲ. ಕೊನೆಗೆ ಒಂದು ಭಾನುವಾರ ಒಂದು ಕಾಗದದಲ್ಲಿ ನಡೆದದ್ದನ್ನೆಲ್ಲ ಬರೆದೆ. ಪೊಟ್ಟಣ ಅಲ್ಲಿ ಇರಲಿಲ್ಲ, ಕಲಾಯಿಯವನಿಂದ ತಂದದ್ದು, ನಾನು ಸುಳ್ಳು ಹೇಳಿದೆ. ಕೆಳಗೆ ಸಹಿ ಹಾಕಿದೆ. ಜಿನುಗು ಮಳೆಯಲ್ಲಿ ಬಸ್ಸು ಹಿಡಿದು ಅಜೆಕಾರಿನಲ್ಲಿ ಇಳಿದು ನಡೆದೆ.

ಸೆರಫಿನ್ ಬಾಯಿ ಜೈಲಿನಿಂದ ಬಂದು ಹತ್ತು ದಿನವಾಗಿತ್ತು. ಜಗಲಿಯಲ್ಲಿ ಕುಳಿತು ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಹಳ ಇಳಿದುಹೋಗಿದ್ದಳು. ಮೋನಿಕಾ ನನ್ನನ್ನು ಕಂಡವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅಂಗಳದಲ್ಲೇ ನಿಂತು ಕಾಗದ ಕೊಟ್ಟೆ. ಕನ್ನಡ ಲಿಪಿಯಲ್ಲಿದ್ದ ಕೊಂಕಣಿ ಪ್ರಾರ್ಥನೆಯ ಪುಸ್ತಕ ಓದಿ ಅವಳಿಗೆ ಅಕ್ಷರ ಗೊತ್ತಿತ್ತು. ಬೆರಳಿಟ್ಟು, ಒಂದೊಂದು ಅಕ್ಷರವನ್ನೂ ಕೂಡಿಸಿ ಓದಿದಳು. ಬಹಳ ಹೊತ್ತು ಹಿಡಿಯಿತು. ಮಾಡಿನಿಂದ ಇಳಿಯುವ ಮಳೆನೀರು ನನ್ನ ಕೊಡೆಯ ಮೇಲೆ ಬೀಳುತ್ತಿತ್ತು.

ಓದಿ ಮುಗಿಸಿ ಮಡಚಿ ನನ್ನ ಕಡೆಗೆ ಚಾಚಿದಳು.

"ಇದರಲ್ಲಿ ಇರುವುದು ನನಗೆ ಗೊತ್ತುಂಟು ಭಟ್ರೇ. ಗೊತ್ತಿಲ್ಲದವರಿಗೆ ಕೊಡಿ."

"ನನ್ನಿಂದ ತಪ್ಪಾಯಿತು" ಎಂದೆ. "ಸಾಹೇಬರು ಹೇಳಿದ್ದರಿಂದ..."

"ಸಾಹೇಬರು ಕುಡುಕರು. ವಕೀಲರೂ ಕುಡುಕರು" ಎಂದಳು ಅವಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ಕೊಳೆತ ಹಣ್ಣನ್ನು ಬುಟ್ಟಿಯಿಂದ ಬೇರೆ ತೆಗೆದಿಡುವವಳ ದನಿ ಅದು. "ಕುಡುಕರು ಏನೇನೋ ಹೇಳ್ತಾರೆ. ನಾನು ಎಷ್ಟು ಜನರನ್ನು ನೋಡಿದ್ದೇನೆ, ಅವರ ಮಾತು ಮನಸ್ಸಿಗೆ ಹಾಕಿಕೊಳ್ಳುವುದಿಲ್ಲ. ನೀವು ಬೊಂಡ ಕುಡಿದು ಬರೆದಿರಿ."

ಮತ್ತೆ ಅಕ್ಕಿಯ ಕಡೆಗೆ ಬಾಗಿದಳು. ನಾನು ಕಾಗದವನ್ನು ಜೇಬಿಗೆ ಹಾಕಿಕೊಂಡೆ. ಅವಳು ತಲೆ ಎತ್ತಲಿಲ್ಲ.

ಆ ಕಾಗದವನ್ನು ಗೊತ್ತಿಲ್ಲದವರಿಗೆ ಕೊಟ್ಟೆನೇ? ಇಲ್ಲ. ಕೋರ್ಟಿನ ಮೆಟ್ಟಿಲಿನ ತನಕ ಒಮ್ಮೆ ಹೋಗಿ, ಶಿರಸ್ತೇದಾರರು ಊಟಕ್ಕೆ ಹೋಗಿದ್ದಾರೆ ಎಂದು ತಿಳಿದು ನೆಮ್ಮದಿಯಿಂದ ವಾಪಸು ಬಂದೆ. ಎರಡನೆಯ ಸಲ ಹೋಗಲಿಲ್ಲ. ಸೆರಫಿನ್ ಬಾಯಿ ಮತ್ತೆ ಭಟ್ಟಿ ಇಳಿಸಲಿಲ್ಲ ಎಂದು ಕೇಳಿದೆ. ಕಾನೂನಿಗೆ ಹೆದರಿ ಅಲ್ಲ, ಕೊಂಡೊಯ್ಯಲು ಯಾರೂ ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಪಾನನಿರೋಧವೇ ಹೋಯಿತು. ಸಾರಾಯಿ ಗುತ್ತಿಗೆದಾರರ ಕೋರ್ಟು ಕೆಲಸವನ್ನೆಲ್ಲ ಪದ್ಮನಾಭಯ್ಯನವರೇ ನೋಡಿಕೊಂಡರು. ಅವರಿಗಿಂತ ಹೆಚ್ಚು ತಿಳಿದವರು ಯಾರಿದ್ದರು? ಸೆರಫಿನ್ ಬಾಯಿ ಅಷ್ಟರೊಳಗೆ ತೀರಿಕೊಂಡಿದ್ದಳು. ಸಾವಿನ ಸುದ್ದಿ ನನಗೆ ಬಸ್ಸಿನಲ್ಲಿ ಯಾರೋ ಹೇಳಿದರು. ಹೇಳಿದವನು ಅವಳ ಹೆಸರು ಹೇಳಲಿಲ್ಲ, "ಆ ನವಸಾಗರದ ಬಾಯಿ" ಎಂದ. ನಾನು ಅವನನ್ನು ತಿದ್ದಲಿಲ್ಲ.

ನಾನು ಇಲಾಖೆಯಿಂದ ಇಲಾಖೆಗೆ ವರ್ಗವಾಗುತ್ತ, ಮೂರು ಬಡ್ತಿ ಪಡೆದು ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಕಚೇರಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಎದ್ದು ಹೊಗಳಿದರು. ಇಷ್ಟು ವರ್ಷದ ಸೇವೆಯಲ್ಲಿ ಒಂದು ಚಟವಿಲ್ಲ, ಒಂದು ಹನಿ ಮುಟ್ಟಿದವರಲ್ಲ, ಇಂಥವರು ಈಗ ಸಿಗುವುದಿಲ್ಲ ಎಂದರು. ಚಪ್ಪಾಳೆ ತಟ್ಟಿದರು. ನಾನು ಕೈಮುಗಿದು, ತಲೆ ಬಗ್ಗಿಸಿ, ಹಾರ ಹಾಕಿಸಿಕೊಂಡೆ.